ಎಂಟು ಸಾವಿರ ಹೆಜ್ಜೆಯ ಅಡಿವೆಪ್ಪ

ಹಣೆ ಮುಟ್ಟಿ ಜ್ವರ ನೋಡುತ್ತಿದ್ದ ಕೈಗಳು ಹಿಂದೆ ಸರಿದು, ಅಂಗೈಯಗಲದ ಫೋನೇ ರೋಗಿಯ ನಿದ್ದೆ, ನೋವು, ನಡಿಗೆಗಳಿಗೆ ಸಾಕ್ಷಿಯಾಗಿ ನಿಂತ ಈ ಕಲಿಯುಗದ ಉತ್ತರಾರ್ಧವನ್ನು ಮೊದಲು ನೆನೆಯೋಣ. ಹೇ ವಾಗ್ದೇವಿ, ಹುಬ್ಬಳ್ಳಿಯ ಗಲ್ಲಿಯೊಂದರಲ್ಲಿ ಉದಿಸಿದ ಷಟ್ಚಕ್ರಶಕಟಸಾರಥಿಯೂ, ಘಾಟರಸ್ತೆಗರ್ವಭಂಜನನೂ, ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಕ್ಲಚ್ಚು ತುಳಿದೂ ತುಳಿದೂ ಎಡಮಂಡಿ ಸವೆಸಿಕೊಂಡವನೂ ಆದ ಅಡಿವೆಪ್ಪನ ಕಥೆಯನ್ನು ನುಡಿಸು.

ಸವೆದ ಮಂಡಿಯನ್ನು ತೆಗೆದು ವೈದ್ಯರು ಹೊಸದನ್ನು ಕೂರಿಸಿದ್ದರು. ಆಪರೇಶನ್ನಿಗೆ ಮುಂಚೆ ಹತ್ತು ದಿನ ಬಿಪಿ, ಶುಗರ್ ಎಷ್ಟೆಂದು ಕೇಳಿ ಪೀಡಿಸಿದ್ದ ಆಸ್ಪತ್ರೆಯ ಆ್ಯಪು, ಮನೆಗೆ ಬಂದ ಮೇಲೆ ಹೆಜ್ಜೆ ಕೇಳತೊಡಗಿತು. ಫೋನು ಕಿಸೆಯಲ್ಲಿಟ್ಟು ದಿನಕ್ಕೆ ಐನೂರು ಹೆಜ್ಜೆ ನಡೆಯಬೇಕು. ಶನಿವಾರದೊಳಗೆ ಆ್ಯಪಿನ ಕೆಂಪು ಗುರುತು ಹೋಗಿ ಹಸಿರು ಬಂದರೆ ಮಾತ್ರ ಭಾನುವಾರ ಗದಗಿನಲ್ಲಿ ಮಗಳ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಲು ಅಪ್ಪಣೆ.

ಇಂಥ ಆಜ್ಞೆ ಬಂದಾಗ ವೀರನೇನು ಮಾಡಿದನು? ಮಲಗಿದನು. ಕಾಲೂರಿದರೆ ಹೊಲಿಗೆ ಬಿಚ್ಚಿ ಮಂಡಿ ಕಳಚಿ ಬೀಳುತ್ತದೆಂದು ಅವನು ನಿಜವಾಗಿ ನಂಬಿದ್ದನು. ಬಚ್ಚಲಿಗೆ ಹೋಗುವಾಗಲೂ ಹೆಂಡತಿ ಸಾವಂತ್ರೆವ್ವನ ಹೆಗಲಿಗೆ ಜೋತುಬೀಳುತ್ತಿದ್ದನು. ಆದರೆ ಘಾಟರಸ್ತೆಗರ್ವಭಂಜನರು ಇದನ್ನೆಲ್ಲ ಬಾಯಿಬಿಟ್ಟು ಹೇಳುವುದುಂಟೇ?

"ನಾ ಯಾರಂತ ತಿಳಿದೈತಿ ಈ ಮೊಬೈಲು? ಬ್ರೇಕ್ ಫೇಲಾದ ಗಾಡಿನ ಐವತ್ತೆರಡು ಮಂದಿ ಸಮೇತ ಘಾಟ ಇಳಿಸಿದಾಂವ ನಾ. ನನಗ ನಡಿ ಅಂತ ಹೇಳತೈತಿ ಇದು."

"ಖರೇ ಐತ್ರಿ. ಹಂಗಾರ ಎದ್ದು ಬಂದು ಚಾ ತಗೋರಿ," ಎಂದಳು ಸಾವಂತ್ರೆವ್ವ.

ವೀರನು ಗೋಡೆಯ ಕಡೆಗೆ ಹೊರಳಿದನು.

ಮೂರು ದಿನ ಕೆಂಪಿನಲ್ಲೇ ಕಳೆದವು. ಬುಧವಾರ ಸಾವಂತ್ರೆವ್ವ ಗೃಹಪ್ರವೇಶಕ್ಕೆಂದು ಇನ್ನೂರು ಖಡಕ್ ರೊಟ್ಟಿಗೆ ಹಿಟ್ಟು ಕಲಸಿ ಕೂತಳು. ಅವಳ ಕೈ ಪಟಪಟನೆ ರೊಟ್ಟಿ ಬಡಿಯುವ ಸದ್ದು ಮಂಚದವರೆಗೂ ಬಂತು. ಮಲಗಿದಲ್ಲೇ ಕೇಳುತ್ತಿದ್ದ ವೀರನಿಗೆ ಜ್ಞಾನೋದಯವಾಯಿತು: ಫೋನಿಗೆ ಪ್ರತಿ ಕುಲುಕಾಟವೂ ಒಂದು ಹೆಜ್ಜೆಯೇ. ಅವಳನ್ನು ಕರೆದು, ಕರವಸ್ತ್ರದಿಂದ ಫೋನನ್ನು ಅವಳ ತೋಳಿಗೆ ಬಿಗಿದನು.

"ಐನೂರಾದ ಕೂಡಲೇ ಬಿಚ್ಚಿ ಬಿಡು."

"ನಿಮಗ ಬುದ್ಧಿ ಯಾವಾಗ ಬರತೈತೋ," ಎನ್ನುತ್ತಲೇ ಅವಳು ಒಲೆಯ ಮುಂದೆ ಹೋಗಿ ಕೂತಳು. ಆಮೇಲೆ, ಜೋಳದ ಹಿಟ್ಟಿನ ಧೂಳಿಯು ರಣಧೂಳಿಯಂತೆ ಮಾಡಿಗೇರುತ್ತಿರಲು, ಹಂಚಿನ ಬೆಂಕಿಯು ಮುಖವನ್ನು ಸುಡುತ್ತಿರಲು, ಆ ಚಪೇಟಧಾರಾವರ್ಷಿಣಿಯು ಒಂದರ ಹಿಂದೊಂದು ಚಂದ್ರಬಿಂಬಗಳನ್ನು ಬಡಿದು ಬಡಿದು ಕೆಡವಿದಳು. ತೋಳಿನ ಫೋನು ಅವಳಿಗೆ ಮರೆತೇಹೋಯಿತು. ಮಧ್ಯಾಹ್ನ ಬಿಚ್ಚಿದಾಗ ಅದರಲ್ಲಿ ಎಂಟು ಸಾವಿರದ ನಾನೂರ ಹನ್ನೆರಡು ಹೆಜ್ಜೆಗಳಿದ್ದವು. ಅಡಿವೆಪ್ಪ ಹಿಗ್ಗಿಹೋದನು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಜುಬೇದಾ ಸಿಸ್ಟರ್ ವಿಡಿಯೊ ಕಾಲ್ ಮಾಡಿದಳು.

"ಕಾಕಾರ, ಏನ್ ಮಾಡ್ಕೊಂಡೀರಿ? ಎಂಟು ಸಾವಿರ ಹೆಜ್ಜಿ ನಡದೀರಿ ಅಂತ ಬಂದೈತಿ, ಡಾಕ್ಟರ್ ಗಾಬರಿ ಆಗ್ಯಾರ. ಗದಗಕ್ಕ ಹೋಗೂದು ಬ್ಯಾಡ. ಈಗ ಬಂದು ಎರಡು ದಿನ ಅಡ್ಮಿಟ್ ಆಗ್ರಿ."

ಮಗಳು ಹೊಸ ಮನೆಯ ಹೊಸ್ತಿಲಲ್ಲಿ ಅಪ್ಪನ ದಾರಿ ಕಾಯುತ್ತ ನಿಂತದ್ದು ವೀರನ ಕಣ್ಣಿಗೆ ಕಟ್ಟಿತು.

"ಅವು ನನ್ನ ಹೆಜ್ಜಿ ಅಲ್ಲ, ಯವ್ವಾ. ರೊಟ್ಟಿ."

"ರೊಟ್ಟಿ?"

"ಇಕಿ ರೊಟ್ಟಿ ಬಡಿವಾಗ ತೋಳಿಗೆ ಕಟ್ಟಿದ್ದೆ. ನಾ ನಡದ ಇಲ್ಲ. ನನಗ ಅಂಜಿಕಿ ಆಗತೈತಿ."

ಅಷ್ಟು ವರ್ಷಗಳಲ್ಲಿ ಸಾವಂತ್ರೆವ್ವ ಆ ಮಾತನ್ನು ಅವನ ಬಾಯಲ್ಲಿ ಕೇಳಿರಲಿಲ್ಲ. ಅವಳು ಮೂಲೆಯಲ್ಲಿದ್ದ ವಾಕರ್ ತಂದು ಅವನ ಮುಂದಿಟ್ಟಳು.

"ಕಾಕೂ, ಫೋನ್ ನೀವು ಹಿಡೀರಿ," ಎಂದಳು ಸಿಸ್ಟರ್. "ಕಾಕಾರ, ಬಾಗಲತನಕ ಬರ್ರಿ. ನಾ ನೋಡ್ತಿರ್ತೀನಿ."

ಆಗ, ದಿಗ್ಗಜಗಳು ಉಸಿರು ಬಿಗಿಹಿಡಿದಿರಲು, ವಾಕರಾಯುಧಪಾಣಿಯಾದ ಅಡಿವೆಪ್ಪನು ಹಲ್ಲು ಕಚ್ಚಿ, ಕುಲದೇವರನ್ನು ನೆನೆದು, ಲೋಹಜಾನುವನ್ನು ಮುಂದಕ್ಕೆ ನೀಡಿ, ಮಂಚದಿಂದ ಬಾಗಿಲಿನವರೆಗಿನ ಆ ಮಹಾಪ್ರಸ್ಥಾನವನ್ನು ಪೂರೈಸಿದನು. ಮಂಡಿ ಕಳಚಲಿಲ್ಲ. ನೋವಾಯಿತು, ಅಷ್ಟೇ.

"ಶನಿವಾರದ ತನಕ ಹಿಂಗ ನಡೀರಿ, ನಿಮ್ಮ ಕಾಲಿಂದ. ಡಾಕ್ಟರ್‌ಗೆ ನಾ ಹೇಳ್ತೀನಿ, ಗದಗಕ್ಕ ಕಳಸ್ತಾರ," ಎಂದು ಸಿಸ್ಟರ್ ನಗುತ್ತ ಫೋನಿಟ್ಟಳು.

ವೀರನು ಬೆವರೊರೆಸಿಕೊಂಡು ಆ್ಯಪು ನೋಡಿದನು. ಇಂದಿನ ಹೆಜ್ಜೆಗಳು: ಸೊನ್ನೆ. ಫೋನು ಸಾವಂತ್ರೆವ್ವನ ಕೈಯಲ್ಲಿ ಅಲ್ಲಾಡದೆ ನಿಂತಿತ್ತು.

"ಇದು ಅನ್ಯಾಯ."

"ಹಂಗಾರ ಕಿಸೇದಾಗ ಇಟ್ಕೊಂಡು ತಿರುಗಿ ಹೋಗ್ರಿ."

ಅಡಿವೆಪ್ಪ ಫೋನು ಕಿಸೆಗಿಳಿಸಿ, ಗೊಣಗುತ್ತ ಮಂಚಕ್ಕೆ ಮರಳಿದ. ಕೂತು ತೆಗೆದು ನೋಡಿದ. ಹನ್ನೊಂದು. ಅದನ್ನು ಹೆಂಡತಿಗೆ ಎರಡು ಸಲ ತೋರಿಸಿದ.