ಮಂಡಳಿಯವರು ಸರಿಪಡಿಸಿದ ಒಂದೇ ಒಂದು ತಪ್ಪು

ನೀರು ಸರಬರಾಜು ಮಂಡಳಿಯ ದೂರು ವಿಭಾಗದ ಮಾನ್ಯ ಮುಖ್ಯಸ್ಥರೇ,

ಬೇಸಿಗೆಯಲ್ಲಿ ಗಾಳಿಯನ್ನೂ ಮಳೆಗಾಲದಲ್ಲಿ ಕೆಸರನ್ನೂ ನಲ್ಲಿಯ ಮೂಲಕ ಮನೆಯೊಳಕ್ಕೇ ತಲುಪಿಸುವ ತಮ್ಮ ಘನ ಸಂಸ್ಥೆಗೆ, ಅದರ ಪಂಪುಗಳಿಗೆ, ಪಂಪು ನಿಂತಾಗ ಸುತ್ತ ನಿಂತು ನೋಡುವ ಎಂಜಿನಿಯರುಗಳಿಗೆ, ಮತ್ತು ಎಂದೂ ಫೋನೆತ್ತದ ತಮಗೆ, ಈ ಹಳೆಯ ಗ್ರಾಹಕಿಯ ಕ್ರಿಸ್‌ಮಸ್ ರಜೆಯ ನಮಸ್ಕಾರಗಳು. ಪತ್ರವನ್ನು ಪತ್ರಿಕೆಗೂ ಕಳಿಸುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಕಚೇರಿಗೆ ಹಾಕಿದ್ದು ತಮ್ಮ ಮೇಜು ಮುಟ್ಟುವುದರೊಳಗೆ ನಾನು ಕಣ್ಣು ಮುಚ್ಚಿರುತ್ತೇನೆಂಬ ಭಯದಿಂದಷ್ಟೇ ಹೀಗೆ ಮಾಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ತಾವು ಫೋನೆತ್ತುವುದಿಲ್ಲ ಎಂಬುದು ನನ್ನ ದೂರಲ್ಲ. ವರ್ಷದ ಉಳಿದ ದಿನಗಳಲ್ಲಿ ಅದು ದೂರೇ ಇರಬಹುದು, ಡಿಸೆಂಬರ್ ರಜೆಯಲ್ಲಿ ಮಾತ್ರ ಅದು ನಮ್ಮ ಮನೆಗೆ ತಾವು ಮಾಡುವ ಮಹೋಪಕಾರ. ಕಾಯುವವರ ಕಿವಿಗೆ ಆ ದಿನಗಳಲ್ಲಿ ತಾವು ಯಾವ ಸಂಗೀತ ಹಾಕುತ್ತೀರೆಂದು ತಮಗೆ ಗೊತ್ತಿರಲಾರದು, ಏಕೆಂದರೆ ಅದನ್ನು ಕೇಳಬೇಕಾದರೆ ತಮಗೆ ಫೋನ್ ಮಾಡಬೇಕು. ಅದು ಮಂಡಳಿಗೆ ನೌಕರರದೇ ದೊಡ್ಡ ಬ್ಯಾಂಡ್ ಇದ್ದ ಕಾಲದ ಧ್ವನಿಮುದ್ರಣ. ಪಂಪ್‌ಹೌಸಿನವರು ಟ್ರಂಪೆಟ್ಟು, ಲೆಕ್ಕಪತ್ರ ವಿಭಾಗದವರು ಸ್ಯಾಕ್ಸೊಫೋನು, ಪೈಪು ಜೋಡಿಸುವವರೊಬ್ಬರು ಡ್ರಮ್ಮು, ಮೀಟರ್ ಓದುವವರು ಟ್ರಾಂಬೋನು ಹಿಡಿದು, ಆಗಲೇ ಹಳೆಯದೆನಿಸಿಕೊಂಡಿದ್ದ ಬಿಗ್ ಬ್ಯಾಂಡ್ ಶೈಲಿಯಲ್ಲಿ, ಕುಳಿತವರ ಕಾಲು ತಾನಾಗಿ ತಾಳ ಹಾಕುವಂತೆ ಕ್ರಿಸ್‌ಮಸ್ ಧಾಟಿಗಳನ್ನು ನುಡಿಸಿದ್ದರು. ಆ ಕಾಲದಲ್ಲಿ ಮಂಡಳಿಯವರಿಗೆ ಒಟ್ಟಿಗೆ ಒಂದು ಕೆಲಸ ಮಾಡಲು ಬರುತ್ತಿತ್ತು ಎಂಬುದಕ್ಕೆ ಉಳಿದಿರುವ ಸಾಕ್ಷಿ ಅದೊಂದೇ.

ನಮ್ಮ ಮನೆಯಲ್ಲಿದ್ದ ಅದರ ಗ್ರಾಮಫೋನ್ ತಟ್ಟೆಯನ್ನು ನನ್ನ ಮಗಳು ಚಿಕ್ಕವಳಿದ್ದಾಗ ಬಿಸಿಲಿಗಿಟ್ಟು ಸೊಟ್ಟ ಮಾಡಿದಳು. ಅಂದಿನಿಂದ ಆ ಸಂಗೀತ ಸಿಗುವುದು ತಮ್ಮ ಫೋನಿನಲ್ಲಿ ಮಾತ್ರ. ಹಾಗಾಗಿ ಪ್ರತಿ ಕ್ರಿಸ್‌ಮಸ್ ಮಧ್ಯಾಹ್ನ ಊಟದ ತಟ್ಟೆಗಳನ್ನು ಬದಿಗೆ ಸರಿಸಿ, ಮೇಜಿನ ನಡುವೆ ಫೋನನ್ನು ಅಂಗಾತ ಮಲಗಿಸಿ, ಸ್ಪೀಕರ್ ಹಾಕಿ, ತಮ್ಮ ದೂರು ವಿಭಾಗದ ನಂಬರ್ ಒತ್ತುತ್ತೇವೆ. ಸ್ಯಾಕ್ಸೊಫೋನುಗಳು ಮೆಲ್ಲಗೆ ಶುರುವಾದರೆ ಮಗಳು ತಲೆದೂಗುತ್ತಾಳೆ, ಹಲ್ಲಿನ ಡಾಕ್ಟರಾದ ಅಳಿಯಂದಿರು ಚಮಚ ಹಿಡಿದು ಗಾಜಿನ ಲೋಟಗಳಿಗೆ ಬಡಿಯುತ್ತಾರೆ, ಮೊಮ್ಮಕ್ಕಳು ಮೇಜಿನ ಸುತ್ತ ಕುಣಿಯುತ್ತಾರೆ, ನಾನು ಮಂಡಿನೋವು ಮರೆತು ಅವರ ಹಿಂದೆ ಒಂದು ಸುತ್ತು ಹಾಕುತ್ತೇನೆ. ಒಮ್ಮೆ ಮಾತ್ರ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ನಡುವೆಯೇ ಫೋನೆತ್ತಿ, ಏನು ತೊಂದರೆ ಎಂದು ಕೇಳಿ, ನಮ್ಮ ಇಡೀ ಹಬ್ಬ ಕೆಡಿಸಿದ್ದಳು. ತಾವು ಆಕೆಗೆ ಆಮೇಲೆ ಕೆಲಸ ಕಲಿಸಿರಬೇಕು, ಮತ್ತೆಂದೂ ಹಾಗಾಗಲಿಲ್ಲ.

ಆ ಸಂಗೀತದಲ್ಲಿ ಒಂದು ಜಾಗವಿದೆ, ಅಲ್ಲ, ಇತ್ತು. ಬ್ಯಾಂಡ್ ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಲ್ಲುತ್ತದೆ. ಒಂದು ಉಸಿರಿನಷ್ಟು ಹೊತ್ತು ಮೌನ. ಆಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳಬೇಕು. ಆ ಮೌನದ ನಟ್ಟನಡುವೆ ಒಂದೇ ಒಂದು ಟ್ರಾಂಬೋನು, ಯಾರನ್ನೂ ಕೇಳದೆ, ಒಂಟಿಯಾಗಿ, 'ಪೋಂ' ಎನ್ನುತ್ತಿತ್ತು. ಆ ಪೋಂ ನಮ್ಮ ಯಜಮಾನರದು.

ಆಗ ನಾನು ಮಂಡಳಿಯಲ್ಲಿ ಹೊಸ ಟೈಪಿಸ್ಟ್. ಬ್ಯಾಂಡ್ ಮೇಸ್ತ್ರಿಯವರನ್ನು ಸಾಹೇಬರು ಕರೆಯುತ್ತಿದ್ದಾರೆಂದು ಹೇಳಲು ಹೋಗಿ, ಒಳಗೆ ಧ್ವನಿಮುದ್ರಣ ನಡೆಯುತ್ತಿರುವುದು ತಿಳಿಯದೆ ಸಭಾಂಗಣದ ಬಾಗಿಲು ತಳ್ಳಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಗಾಳಿಗೆ ಹಾರಿಹೋಗುವಷ್ಟು ಸಣಕಲಾಗಿದ್ದ ಮೀಟರ್ ರೀಡರ್ ಒಬ್ಬರು ತಲೆಯೆತ್ತಿ ನೋಡಿದರು, ಕೆನ್ನೆಯಲ್ಲಿ ತುಂಬಿಟ್ಟುಕೊಂಡಿದ್ದ ಗಾಳಿಯನ್ನು ಅಲ್ಲೇ ಬಿಟ್ಟುಬಿಟ್ಟರು. ಇನ್ನೊಮ್ಮೆ ನುಡಿಸೋಣವೆಂದರೆ ಧ್ವನಿಮುದ್ರಣದವರಿಗೆ ಬೇರೆ ಕಡೆ ಹೋಗುವ ಆತುರ. ಮರುವರ್ಷ ನಮ್ಮ ಮದುವೆಯಾಯಿತು. ಅಂದಿನಿಂದ ಇಂದಿನವರೆಗೆ ಇವರು ನನ್ನೊಂದಿಗೆ ನೀರಿನ ಒತ್ತಡ, ಮೀಟರಿನ ತುಕ್ಕು, ಅಡುಗೆಯ ಉಪ್ಪು ಮುಂತಾದ ವಿಷಯಗಳ ಬಗ್ಗೆ ಧಾರಾಳವಾಗಿ ಮಾತಾಡಿದ್ದಾರೆ. ನನ್ನನ್ನು ಕಂಡರೆ ಇಷ್ಟವೆಂದು ಮಾತ್ರ ಒಮ್ಮೆಯೂ ಬಾಯಿಬಿಟ್ಟವರಲ್ಲ. ಹೇಳಿದ್ದು ಆ ಒಂದು ಪೋಂ, ಅದನ್ನೂ ಒಪ್ಪಿಕೊಂಡವರಲ್ಲ. ಮೇಸ್ತ್ರಿ ಹುಬ್ಬು ಹಾರಿಸಿದರು, ಅದಕ್ಕೇ ಊದಿದೆ ಎಂಬುದು ಅವರ ಹಠ.

ಹೀಗಾಗಿ ಆ ಪೋಂ ನನಗೆ ಬಹಳ ಉಪಯೋಗದ ವಸ್ತುವಾಗಿತ್ತು. ರಜೆಯಲ್ಲಿ ಇವರು ಕುರ್ಚಿಗೊರಗಿ, “ನಾನು ಯಾವತ್ತಾದ್ರೂ ತಪ್ಪಿದ್ದುಂಟೇನೇ?” ಎಂದರೆ ನಾನು ತಮ್ಮ ನಂಬರ್ ಒತ್ತಿ ಫೋನನ್ನು ಅವರ ಕೈಗೆ ಕೊಡುತ್ತಿದ್ದೆ. ಅವರು ಕೇಳುತ್ತಿದ್ದರು, ಕಿವಿ ಕೆಂಪಗಾಗುತ್ತಿತ್ತು, ಎದ್ದು ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು, ತಮ್ಮ ಕೃಪೆಯಿಂದ ನೀರಿದ್ದರೆ.

ಈ ಕ್ರಿಸ್‌ಮಸ್ ಮಧ್ಯಾಹ್ನ ಎಂದಿನಂತೆ ಎಲ್ಲರೂ ಕುಳಿತು ನಂಬರ್ ಒತ್ತಿದೆವು. ಮೊದಲಿಗೆ ಒಂದು ಹೆಣ್ಣುದನಿ, ಗ್ರಾಹಕರ ಅನುಕೂಲಕ್ಕಾಗಿ ಮಂಡಳಿಯ ಸಂಗೀತವನ್ನು ಆಧುನಿಕ ತಂತ್ರಜ್ಞಾನದಿಂದ ಶುದ್ಧೀಕರಿಸಿ ದೋಷಮುಕ್ತಗೊಳಿಸಲಾಗಿದೆ ಎಂದು ಹೆಮ್ಮೆಯಿಂದ ಸಾರಿತು. ಬ್ಯಾಂಡ್ ಏರಿತು, ನಿಂತಿತು. ಮೊಮ್ಮಕ್ಕಳು ಜೊತೆಗೆ ಕೂಗಲು ಬಾಯಿ ದುಂಡಗೆ ಮಾಡಿಕೊಂಡು ಕಾದರು. ಏನೂ ಇಲ್ಲ. ತೊಳೆದಿಟ್ಟ ಪಾತ್ರೆಯಂಥ ಖಾಲಿ ಮೌನ. ನಮ್ಮ ಯಜಮಾನರು ಕಪ್ಪು ಕೆಳಗಿಟ್ಟು, “ಕೇಳಿದ್ಯಾ? ನಾನು ಮೊದಲಿಂದ ಹೇಳ್ತಾನೇ ಇದೀನಿ, ನಾನು ಸರಿಯಾಗೇ ಊದಿದ್ದೆ” ಅಂದರು. ನನಗೆ ಅಳು ಬಂತು, ಮಾನ್ಯರೇ, ಅದನ್ನು ಮುಚ್ಚಿಡುವುದಿಲ್ಲ.

ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಬೀದಿಯ ಮುಖ್ಯ ಪೈಪು ನನ್ನ ಮಗಳು ಶಾಲೆಗೆ ಹೋಗುತ್ತಿದ್ದಾಗಿನಿಂದ ಸೋರುತ್ತಿದೆ, ಈಗ ಅವಳ ಮಕ್ಕಳು ಅದರಲ್ಲಿ ಕಾಗದದ ದೋಣಿ ಬಿಡುತ್ತಾರೆ. ನೀರಿನಲ್ಲಿ ತೇಲಿಬರುವ ಹುಳು ತಮ್ಮ ಕಣ್ಣಿಗೆ ಬಿದ್ದಿಲ್ಲ, ನೀರೇ ಬಾರದ ನಲ್ಲಿಗೆ ಬರುವ ಬಿಲ್ಲು ತಮ್ಮ ಮನಸ್ಸಿಗೆ ಬಂದಿಲ್ಲ. ಇಷ್ಟು ವರ್ಷ ಇಡೀ ಊರು ಕೊಟ್ಟ ದೂರುಗಳಲ್ಲಿ ಒಂದನ್ನೂ ಮುಟ್ಟದ ತಾವು, ಯಾರೂ ದೂರು ಕೊಡದ, ಯಾರ ಅಂಗಳವನ್ನೂ ಒದ್ದೆ ಮಾಡದ ಒಂದು ಪೋಂ ಅನ್ನು ಹುಡುಕಿ ಹಿಡಿದು ಸರಿಪಡಿಸಿದ್ದೀರಿ. ಮಂಡಳಿ ಹುಟ್ಟಿದಾಗಿನಿಂದ ಅದು ಪೂರ್ತಿಗೊಳಿಸಿದ ದುರಸ್ತಿ ಬಹುಶಃ ಇದೊಂದೇ. ಇದಕ್ಕೆ ತಮಗೆ ಬಡ್ತಿ ಸಿಗಲಿ, ತಮ್ಮ ಮನೆಯ ನಲ್ಲಿಗೂ ನಮ್ಮ ಬೀದಿಯ ಪೈಪಿನಿಂದಲೇ ನೀರು ಬರಲಿ.

ಈಗ ನನ್ನ ಕೋರಿಕೆ. ತೆಗೆದ ಪೋಂ ಅನ್ನು ತೆಗೆದಲ್ಲೇ ಮತ್ತೆ ಇಟ್ಟುಬಿಡಿ. ಅದು ಕಳೆದುಹೋಗಿದೆ ಎಂದು ತಾವು ಹೇಳುವುದಾದರೆ, ಮಂಡಳಿಯ ಬ್ಯಾಂಡನ್ನು ಮತ್ತೆ ಕಟ್ಟಿ, ನಿವೃತ್ತರಾದವರಿಗೂ ತೀರಿಕೊಂಡವರಿಗೂ ನೋಟಿಸು ಕೊಟ್ಟು ಕರೆಸಿ, ಸಭಾಂಗಣದ ಬಾಗಿಲಿಗೆ ಅದೇ ಕಿರುಗುಟ್ಟುವ ಕೀಲು ಹಾಕಿಸಿ, ನನ್ನ ಹರೆಯವನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಮಂಜೂರು ಮಾಡಿ, ಆ ಬಾಗಿಲು ತಳ್ಳಲು ಅನುಮತಿ ನೀಡಬೇಕು. ಅಲ್ಲಿಯವರೆಗೆ ದಯವಿಟ್ಟು ಎಂದಿನಂತೆ ಫೋನೆತ್ತಬಾರದು.

ಮುಂದೆ ನಡೆದದ್ದನ್ನೂ ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಗೆದ್ದ ಹುಮ್ಮಸ್ಸಿನಲ್ಲಿ ನಮ್ಮ ಯಜಮಾನರು ರಜೆ ಮುಗಿಯುವ ಮುಂಚೆ ಅಟ್ಟದಿಂದ ಟ್ರಾಂಬೋನು ಇಳಿಸಿ, ಹಳೆ ಬನಿಯನ್ನಿನಿಂದ ಉಜ್ಜಿ, ಫೋನಿನಲ್ಲಿ ಬರುವ ಶುದ್ಧ ಸಂಗೀತದ ಜೊತೆಗೇ ನುಡಿಸಿ ತೋರಿಸುತ್ತೇನೆಂದು ಎಲ್ಲರನ್ನೂ ಕೂಡಿಸಿದರು. ನಾನು ಮುನಿಸಿಕೊಂಡು ಅಡುಗೆಮನೆಯಲ್ಲೇ ಪಾತ್ರೆ ತೊಳೆಯುತ್ತಿದ್ದೆ. ಆದರೆ ಆ ಸ್ಯಾಕ್ಸೊಫೋನುಗಳು ಶುರುವಾದ ಮೇಲೆ ಒಳಗೆ ನಿಲ್ಲುವುದು ನನ್ನಿಂದಾಗದ ಮಾತು. ಬ್ಯಾಂಡ್ ಏರಿ ನಿಂತಾಗ, ಒದ್ದೆ ಕೈಯಲ್ಲೇ ಬಾಗಿಲು ತಳ್ಳಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಪೋಂ.

ಮಕ್ಕಳು ನಕ್ಕೂ ನಕ್ಕೂ ನೆಲಕ್ಕೆ ಬಿದ್ದರು. ನಾನು ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಇವರು ಕೆಂಪು ಕಿವಿಯೊಂದಿಗೆ ಟ್ರಾಂಬೋನು ಕೆಳಗಿಟ್ಟು, “ನಂದೇನೂ ತಪ್ಪಿಲ್ಲ, ಮಂಡಳಿಯೋರೇ ತಡ ಮಾಡಿದ್ದು” ಅಂದುಬಿಟ್ಟರು. ಮಗಳು ಒಪ್ಪಿದಳು, ಅಳಿಯಂದಿರೂ ಒಪ್ಪಿದರು, ಮೊಮ್ಮಕ್ಕಳೂ ಹೌದೆಂದರು. ಮಂಡಳಿಯವರು ತಡ ಮಾಡಿದರು ಎಂದರೆ ಈ ಊರಲ್ಲಿ ನಂಬದವರು ಯಾರಿದ್ದಾರೆ, ಮಾನ್ಯರೇ? ಜೀವಮಾನದಲ್ಲಿ ಎರಡನೇ ಸಲ ನನ್ನ ಗಂಡ ನನ್ನೊಂದಿಗೆ ಮನಸ್ಸು ಬಿಚ್ಚಿದರು, ಅದನ್ನೂ ತಾವು ತಮ್ಮ ಹೆಸರಿಗೆ ಬರೆಸಿಕೊಂಡಿರಿ.

ಫೋನು ಕಿವಿಗಿಟ್ಟುಕೊಂಡು ಕಾಯುತ್ತಲೇ ಇರುವ
ತಮ್ಮ ವಿಶ್ವಾಸಿ,
ಮಂಡಳಿಯ ಮಾಜಿ ಟೈಪಿಸ್ಟ್

ಮರೆತ ಮಾತು: ಆ ಪೋಂ ಅನ್ನು ಹುಡುಕಿ ತೆಗೆದ ತಂತ್ರಜ್ಞರನ್ನು ಒಮ್ಮೆ ನಮ್ಮ ಬೀದಿಗೆ ಕಳಿಸಿಕೊಡಿ. ಮನೆ ಹುಡುಕುವುದು ಸುಲಭ, ನೀರು ಮೊಣಕಾಲು ಮುಟ್ಟಿದಲ್ಲಿ ನಿಂತು ಎಡಕ್ಕೆ ನೋಡಲಿ. ಪೈಪು ಸರಿಮಾಡಲೆಂದಲ್ಲ, ಅದಕ್ಕೆ ನಾವು ಒಗ್ಗಿಹೋಗಿದ್ದೇವೆ. ನನ್ನ ಪೋಂ ಅನ್ನು ಎಲ್ಲಿ ಚೆಲ್ಲಿದರೆಂದು ಕೇಳಬೇಕಿತ್ತು.