ಹೀರೇಕಾಯಿ ಸಿಪ್ಪೆ ಮತ್ತು ಅಜ್ಜಿಯ ಫೋಟೋ

ಜಾಗ ಉಳಿಸುವುದು ನನಗೆ ಅಂಟಿಕೊಂಡಿರುವ ಒಂದು ಕಾಯಿಲೆ. ಬಸ್ಸಿನಲ್ಲಿ ಪಕ್ಕದವರು ‘ಸ್ವಲ್ಪ ಸರೀರಿ’ ಅನ್ನುವ ಮೊದಲೇ ನಾನು ಕಿಟಕಿಗೆ ಒತ್ತಿಕೊಂಡು ಅರ್ಧವಾಗಿರುತ್ತೇನೆ. ಊರಿಗೆ ಹೊರಟರೆ ಮನೆಮಂದಿಯ ಬಟ್ಟೆಯನ್ನೆಲ್ಲ ಒಂದೇ ಬ್ಯಾಗಿಗೆ ತುರುಕಿ, ಅದರ ಮೇಲೆ ಕೂತು ಜಿಪ್ ಎಳೆಯುತ್ತೇನೆ. ಫ್ರಿಜ್ಜಿನಲ್ಲಿ ಉಳಿದ ಸಾರು ದೊಡ್ಡ ಪಾತ್ರೆಯಿಂದ ಸಣ್ಣದಕ್ಕೆ, ಸಣ್ಣದರಿಂದ ಬಟ್ಟಲಿಗೆ ಇಳಿಯುತ್ತಾ ಹೋಗಿ, ಕೊನೆಗೆ ಒಂದು ಸೌಟು ಸಾರಿಗಾಗಿ ಸಿಂಕಿನ ತುಂಬ ಪಾತ್ರೆ ಬಿದ್ದಿರುತ್ತದೆ. ಇದಕ್ಕೆಲ್ಲ ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳ ಮೇಲೆ ತಪ್ಪು ಹೊರಿಸಿ ಹಗುರಾಗುತ್ತೇನೆ. ಕರ್ಚೀಫು ಮಡಿಕೆ ಕೆಡಬಾರದು, ಕೂತಾಗ ಮೊಣಕೈ ಪಕ್ಕದ ಹುಡುಗಿಗೆ ತಾಗಬಾರದು. ಆ ಬೆಂಚು ಬಿಟ್ಟು ಎಷ್ಟೋ ಕಾಲವಾಯಿತು, ನನ್ನ ಮೊಣಕೈ ಇನ್ನೂ ಪಕ್ಕೆ ಬಿಟ್ಟು ಅಲುಗಿಲ್ಲ.

ಇಂಥ ನನ್ನ ಕೈಗೆ ಒಂದು ಪುಸ್ತಕದ ಕೆಲಸ ಬಂತು. ಬಂತು ಅಂತೇನು, ನಾನೇ ಮೈಮೇಲೆ ಎಳೆದುಕೊಂಡೆ. ಕುಣಿಗಲ್ಲಿನಲ್ಲಿ ನನ್ನ ಮೈದುನ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಬಂದವರಿಗೆ ಸ್ಟೀಲ್ ಬಟ್ಟಲು ಕೊಡುವ ಬದಲು ನಮ್ಮತ್ತೆಯ ಚಟ್ನಿ, ಗೊಜ್ಜು, ಪಲ್ಯಗಳದ್ದೊಂದು ಪುಟ್ಟ ಪುಸ್ತಕ ಕೊಡೋಣ ಅಂದೆ. ಅತ್ತೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. “ಮೊದಲ್ನೇ ಹಾಳೇಲಿ ನಮ್ಮವ್ವನ ಮುಖ ಇರ್ಬೇಕು. ಎಲ್ಲಾ ಅವಳು ಹೇಳ್ಕೊಟ್ಟಿದ್ದು, ನಂದೇನೈತೆ ಅದ್ರಲ್ಲಿ.” ಆ ಅಜ್ಜಿಯ ಫೋಟೋ ಅಂತ ಲೋಕದಲ್ಲಿರುವುದು ಒಂದೇ. ಕಡಬದಲ್ಲಿ ಅತ್ತೆಯ ತಮ್ಮನ ಮನೆಯ ಗೋಡೆಗೆ ತೂಗುಹಾಕಿರುವ, ಯಾವುದೋ ಮದುವೆಯ ಗುಂಪು ಫೋಟೋ. ಅದರ ಒಂದು ತುದಿಯಲ್ಲಿ ಅಜ್ಜಿ ಸೌಟು ಹಿಡಿದೇ ನಿಂತಿದ್ದಾರೆ, ಒಲೆ ಮುಂದಿನಿಂದ ಆಗತಾನೆ ಎಬ್ಬಿಸಿ ತಂದ ಹಾಗೆ. ಗುಬ್ಬಿಗೆ ಒಂದು ಸೀಮಂತಕ್ಕೆ ಹೋದವಳು ಹಾಗೇ ಕಡಬಕ್ಕೂ ಹೋಗಿ, ಮೊಬೈಲಿನಲ್ಲಿ ಅದನ್ನು ಹಿಡಿದುಕೊಂಡು ಬಂದೆ.

ನಮ್ಮೆಜಮಾನರು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿದ್ದಾರೆ. ಅವರ ಹಳೇ ಲ್ಯಾಪ್‌ಟಾಪಿನಲ್ಲಿ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನನ್ನ ಟೈಪಿಂಗ್. ಫೋಟೋದಲ್ಲಿದ್ದ ಮದುಮಕ್ಕಳು, ಪೇಟದ ಗಂಡಸರು, ಕಾಲ ಬಳಿಯ ಮಕ್ಕಳುಮರಿ ಎಲ್ಲರನ್ನೂ ಕತ್ತರಿಸಿ ಅಜ್ಜಿಯ ಮುಖವೊಂದನ್ನೇ ಉಳಿಸಿಕೊಂಡೆ. ಪುಸ್ತಕ ಮುಗಿಯಿತು ಅನ್ನುವಾಗ ಪ್ರೆಸ್ಸಿನವರ ಫೋನು. “ಮೇಡಂ, ಫೈಲ್ ತುಂಬಾ ಹೆವಿ ಇದೆ, ಮೇಲ್‌ನಲ್ಲಿ ಬರ್ತಿಲ್ಲ. ಸ್ವಲ್ಪ ಕಂಪ್ರೆಸ್ ಮಾಡಿ ಕಳ್ಸಿ.” ಕಂಪ್ರೆಸ್ ಅನ್ನುವ ಮಾತು ಕೇಳಿ ನನಗೆ ತವರಿನವರು ಬಂದಷ್ಟು ಸಂತೋಷವಾಯಿತು. ಜೀವಮಾನವೆಲ್ಲ ಮಾಡಿದ್ದು ಅದನ್ನೇ ಅಲ್ಲವೇ.

ಸೆಟ್ಟಿಂಗ್ಸ್ ತೆರೆದೆ. ಚಿತ್ರಗಳನ್ನು ಯಾವ ಗುಣಮಟ್ಟದಲ್ಲಿ ಇಡಲಿ ಎಂದು ಅದು ವಿನಯದಿಂದಲೇ ಕೇಳಿತು. ಎಲ್ಲಕ್ಕಿಂತ ಮೇಲೆ ‘ಹೈ ಫಿಡೆಲಿಟಿ’, ಅಂದರೆ ಚಿತ್ರ ಇದ್ದದ್ದು ಇದ್ದ ಹಾಗೇ. ಅದು ನಮ್ಮಂಥವರಿಗಲ್ಲ, ಬೆಂಗಳೂರಿನವರಿಗಿರಬೇಕು. ಆಮೇಲೆ ಮುನ್ನೂರ ಮೂವತ್ತು, ಇನ್ನೂರ ಇಪ್ಪತ್ತು, ನೂರೈವತ್ತು; ಅಂಕಿ ಇಳಿದಷ್ಟೂ ಫೈಲು ಹಗುರ. ಎಲ್ಲಕ್ಕಿಂತ ಕೆಳಗೆ ಮುದುರಿಕೊಂಡು ಕೂತಿತ್ತು ತೊಂಬತ್ತಾರು. ನನ್ನ ಹಾಗೇ ಕಂಡಿತು ಪಾಪ, ಅದನ್ನೇ ಆರಿಸಿದೆ. ಜೊತೆಗೆ, ಕತ್ತರಿಸಿದ ಭಾಗಗಳನ್ನು ಪೂರ್ತಿ ಬಿಸಾಡಲೇ ಎಂದೂ ಕೇಳಿತು. ಕತ್ತರಿಸಿದ ಮೇಲೆ ಇಟ್ಟುಕೊಂಡು ಏನು ಮಾಡುವುದು? ಟಿಕ್ ಹಾಕಿದೆ. ಇನ್ನು ಮುಂದಿನ ಎಲ್ಲ ಫೈಲುಗಳಿಗೂ ಹೀಗೇ ಇರಲಿ ಎಂದು ಖಾಯಂ ಮಾಡಿ, ಸೇವ್ ಒತ್ತಿ, ಮುಗಿದ ಕೆಲಸದ ಕಸ ಮೊಬೈಲಿನಲ್ಲೇಕೆ ಎಂದು ಅಲ್ಲಿದ್ದ ಫೋಟೋವನ್ನೂ ಗುಡಿಸಿ ಹಾಕಿದೆ. ಆ ಪುಸ್ತಕದ ಮೊದಲ ಅಡುಗೆ ಯಾವುದು ಗೊತ್ತೇ? ಹೀರೇಕಾಯಿ ಸಿಪ್ಪೆ ಚಟ್ನಿ. “ಸಿಪ್ಪೆ ಎಸೀಬೇಡಿ, ರುಚಿ ಇರೋದೇ ಅದ್ರಲ್ಲಿ” ಎಂದು ಅತ್ತೆ ಹೇಳಿದ್ದನ್ನು ನಾನೇ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿದ್ದೆ.

ಪ್ರೆಸ್ಸಿನಿಂದ ಮಾದರಿ ಪ್ರತಿ ಬಂತು. ಮೊದಲನೇ ಹಾಳೆಯಲ್ಲಿ ಅಜ್ಜಿಯ ಮುಖ ತಟ್ಟೆಗೆ ಸುರಿದು ಗೆರೆ ಎಳೆದ ಕೊಬ್ಬರಿ ಮಿಠಾಯಿಯಂತೆ ಚೌಕ ಚೌಕವಾಗಿತ್ತು. ಒಂದು ಚೌಕದಲ್ಲಿ ಕಣ್ಣಿರಬಹುದು, ಇನ್ನೊಂದರಲ್ಲಿ ಮೂಗುಬೊಟ್ಟಿರಬಹುದು. ಅತ್ತೆ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ಧೂಳೆಂದುಕೊಂಡು ಸೆರಗಿನಿಂದ ಹಾಳೆ ಒರೆಸಿದರು. ಆಮೇಲೆ ಕನ್ನಡಕ ತೆಗೆದು ಅದನ್ನೂ ಒರೆಸಿ, “ನನ್ನ ಕನ್ನಡ್ಕಾನೇ ಬದಲಾಯಿಸ್ಬೇಕು ಕಣಮ್ಮ, ಅವ್ವ ಸರಿಯಾಗಿ ಕಾಣ್ತಿಲ್ಲ” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಜೆ ನಮ್ಮೆಜಮಾನರು ಎಲ್ಲ ಒತ್ತಿ ನೋಡಿದರು. “ಕತ್ತರಿಸಿದ್ದು ಸಾಮಾನ್ಯವಾಗಿ ವಾಪಸ್ ಬರುತ್ತೆ. ನೀನು ಬಿಸಾಕು ಅಂತ ಬೇರೆ ಹೇಳಿದೀಯ, ಅದು ಬಿಸಾಕಿದೆ. ಈ ಮನೇಲಿ ನಿನ್ನ ಮಾತು ಕೇಳೋದು ಅದೊಂದೇ ನೋಡು” ಅಂದರು.

ಇನ್ನು ಕಡಬಕ್ಕೇ ಹೋಗಬೇಕು. ಅತ್ತೆಗೆ ಸತ್ಯ ಹೇಳಿದೆ. ಅತ್ತೆ ಮಂಡಿನೋವು ಅನ್ನುತ್ತಿದ್ದವರು, “ನಾನೂ ಬತ್ತೀನಿ” ಎಂದು ಸೀರೆ ಬದಲಾಯಿಸಿದರು. ಗುಬ್ಬಿಯಲ್ಲಿ ಬಸ್ಸು ಬದಲಿಸಿ, ಕಡಬದ ಕೆರೆ ಏರಿ ದಾಟಿ ಮನೆ ಮುಟ್ಟಿದೆವು. ಫೋನಿನಲ್ಲಿ ವಿಷಯ ತಿಳಿದಿದ್ದ ಅವರ ತಮ್ಮನ ಹೆಂಡತಿ ಶಿವಮ್ಮನವರು ಬಾಗಿಲಲ್ಲೇ ಹಿಡಿದುಕೊಂಡರು. “ಏನತ್ತಿಗೆ, ಫೋಟೋ ನೋಡಕ್ಕೆ ಇಷ್ಟು ದೂರ ಬಂದ್ರಾ? ನಮ್ಮನ್ನ ನೋಡಕ್ಕೆ ಅಂದಾಗೆಲ್ಲ ಮಂಡಿನೋವು ಇರ್ತಿತ್ತಲ್ಲ.”

“ನಿಮ್ಮುನ್ನ ನೋಡಿದ್ರೆ ನೋವು ಜಾಸ್ತಿ ಆಗುತ್ತೆ ಬುಡು, ಮೊದ್ಲು ಅದನ್ನ ಕೆಳಗಿಳ್ಸು” ಅಂದರು ಅತ್ತೆ.

ಫೋಟೋ ಇಳಿಸಿ ಮಂಚದ ಮೇಲಿಟ್ಟರು. ಅತ್ತೆ ಅಜ್ಜಿಯ ಮುಖದ ಮೇಲೆ ಬೆರಳಿಡುತ್ತಾರೆ ಎಂದುಕೊಂಡೆ. ಬೆರಳು ಇನ್ನೂ ಕೆಳಗೆ ಹೋಯಿತು. ಅಜ್ಜಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಅಳುಮೋರೆ ಹಾಕಿಕೊಂಡು ನಿಂತ ಒಂದು ಮಗು. ನಾನು ಮಕ್ಕಳುಮರಿ ಎಂದು ಕತ್ತರಿಸಿ, ಟಿಕ್ ಹಾಕಿ ಬಿಸಾಡಿದ್ದ ಜಾಗ.

“ಇದು ಯಾರು ಹೇಳು?”

“ಯಾರದೋ ಮಗು ಅತ್ತೆ.”

“ನಾನೇ ಕಣೇ. ಸೆರಗೇ ಬುಡ್ತಿರ್ಲಿಲ್ವಂತೆ. ಆ ಮಗೂನ ಆಚೆ ಕಳ್ಸಮ್ಮ ಅಂತ ಫೋಟೋದವನು ಬೈದ್ನಂತೆ. ಅವ್ವ, ಇರ್ಲಿ ಬುಡಪ್ಪ, ಅದೇನು ಜಾಗ ತಿಂದಾತು ಅಂದ್ಲಂತೆ.”

“ಮತ್ತೆ ಅವ್ವನ ಮುಖ ಇರ್ಬೇಕು ಅಂತ ಮಾತ್ರ ಅಂದ್ರಲ್ಲ ಅತ್ತೆ?”

“ನಂದೂ ಹಾಕು ಅಂತ ನಾನೇ ಹೆಂಗ್ ಕೇಳ್ಲಿ?”

ಮೊಬೈಲು ಎತ್ತಿದೆ, ಗಾಜಿನ ಹೊಳಪು ಬಿದ್ದು ಮೊದಲ ಫೋಟೋ ಕೆಟ್ಟಿತು. ಅದನ್ನೂ ಅಳಿಸಲಿಲ್ಲ. ಮನೆಗೆ ಬಂದು ಆ ಫೈಲಿಗೆ ಯಾವ ಚಿತ್ರವನ್ನೂ ಕುಗ್ಗಿಸಬೇಡ ಎಂದು ಹೇಳಿ, ಅಜ್ಜಿಯನ್ನು ಸೌಟು, ಸೆರಗು, ಮಗು ಸಮೇತ ಕೂರಿಸಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ನಾನೇ ಪ್ರೆಸ್ಸಿಗೆ ಹೋದೆ. “ಹೀಗೆ ತಂದಿದ್ರೆ ಅವತ್ತೇ ಆಗೋಗ್ತಿತ್ತಲ್ಲ ಮೇಡಂ” ಅಂದರು ಅವರು. ಹೌದಲ್ಲ ಅಂದೆ.

ಗೃಹಪ್ರವೇಶದ ದಿನ ಅತ್ತೆ ಪುಸ್ತಕವನ್ನು ಕೈಬಿಡಲಿಲ್ಲ. ಬಂದವರಿಗೆಲ್ಲ ಮೊದಲನೇ ಹಾಳೆ ತೆಗೆದು, “ಇದು ನಮ್ಮವ್ವ, ಇದು ನಾನು” ಎಂದು ತೋರಿಸಿದ್ದೇ ತೋರಿಸಿದ್ದು. ಚಟ್ನಿ ಗೊಜ್ಜಿನ ಹಾಳೆಗಳು ಅಲ್ಲಿಯವರೆಗೂ ತೆರೆಯಲೇ ಇಲ್ಲ. ಕೊನೆಗೆ ಶಿವಮ್ಮನವರು ಪುಸ್ತಕ ಇಸಿದುಕೊಂಡು ಕಡೇ ಹಾಳೆಗೆ ಹೋದರು. ಬರೆದವಳ ಮುಖಾನೂ ಇರಲಿ ಎಂದು ಅತ್ತೆ ಹಟ ಹಿಡಿದದ್ದರಿಂದ ಅಲ್ಲಿ ನನ್ನ ಫೋಟೋ ಇತ್ತು. ಅದೊಂದನ್ನು ಮಾತ್ರ ನಾನು ಯಾರಿಗೂ ಹೇಳದೆ ಬೇರೆಯಾಗಿ ತೊಂಬತ್ತಾರಕ್ಕೆ ಇಳಿಸಿ ಅಂಟಿಸಿದ್ದೆ. ಕಣ್ಣಿನ ಕೆಳಗಿನ ಕಪ್ಪು, ಗಲ್ಲದ ಕೆಳಗಿನ ಇನ್ನೊಂದು ಗಲ್ಲ, ಎಲ್ಲ ಕರಗಿ ಹೋಗಿದ್ದವು. ಶಿವಮ್ಮನವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

ಅತ್ತೆ ಬಗ್ಗಿ ನೋಡಿದರು. “ನಿನ್ನ ಕನ್ನಡ್ಕ ಸರಿಯಾಗೇ ಐತೆ ಶಿವಮ್ಮ. ನಮ್ಮ ಸೊಸೆ ಸಿಪ್ಪೆ ಹೆರೆದವ್ಳೆ.”