ಆರು ಸೆಂಟಿಮೀಟರ್ ಕಾಣೆಯಾದ ವಧು

ಸರ್ಕಾರಿ ದಾಖಲೆಯಲ್ಲಿ ಒಮ್ಮೆ ನಮೂದಾದ ಪ್ರಜೆಯ ಎತ್ತರವು ಪೂರ್ವಾನುಮತಿಯಿಲ್ಲದೆ ಕಡಿಮೆಯಾಗತಕ್ಕದ್ದಲ್ಲ. ಮಗ್ದಲೇನಾ ನದಿ ದಡದ ಸಾನ್ ಎಲ್ಪಿದಿಯೋ ಊರಿನಲ್ಲಿ ಈ ನಿಯಮ ಮುರಿದು ಸಿಕ್ಕಿಬಿದ್ದ ಮೊದಲ ವ್ಯಕ್ತಿ, ಊರವರು ಗೌರವದಿಂದ ‘ದೋನ್ಯಾ’ ಎಂದು ಕರೆಯುವ ಎದೆಲ್ಮಿರಾ. ವಯಸ್ಸು ಎಪ್ಪತ್ತೆಂಟು, ಕಸುಬು ಹೊಲಿಗೆ, ಹಿಂದಿನ ಅಪರಾಧಗಳು ಇಲ್ಲ.

ಅವಳು ನೋಟರಿ ಕಚೇರಿಗೆ ಬಂದದ್ದು ಮದುವೆಯಾಗಲು. ವರ ತಿಬುರ್ಸಿಯೋ, ಎಂಬತ್ತೊಂದು, ಜೀವಮಾನವೆಲ್ಲ ದೋಣಿ ನಡೆಸಿದವನು. ಇಬ್ಬರೂ ಸಂಗಾತಿಗಳನ್ನು ಕಳಕೊಂಡು ವರ್ಷಗಳಾಗಿದ್ದವು. ಶನಿವಾರದ ಮದುವೆಯೂಟಕ್ಕೆ ಸಾಂಕೋಚೋ ಎಂಬ ಸಾರು ಮಾಡಲು ಎರಡು ಕೋಳಿಗಳನ್ನೂ ಗೊತ್ತುಮಾಡಿ ಆಗಿತ್ತು.

ಗುಮಾಸ್ತ ಎವರಿಸ್ತೋ ಅವಳನ್ನು ಗೋಡೆಗೆ ನಿಲ್ಲಿಸಿ ಅಳೆದ.

“ದೋನ್ಯಾ, ನಿಮ್ಮ ಗುರುತಿನ ಚೀಟೀಲಿ ನೂರ ಅರವತ್ತೊಂದು ಸೆಂಟಿಮೀಟರ್ ಅಂತಿದೆ. ಇಲ್ಲಿರೋದು ನೂರ ಐವತ್ತೈದು. ಉಳಿದ ಆರು ಎಲ್ಲಿ?”

“ವಯಸ್ಸಾಯ್ತಲ್ಲಪ್ಪಾ, ಬೆನ್ನು ಕುಗ್ಗುತ್ತೆ.”

“ಕುಗ್ಗಿದ್ದಕ್ಕೆ ಅನುಮತಿ ಪತ್ರ?”

ಬೆರಳಚ್ಚು ತೆಗೆದರೆ ಬರೀ ಮಸಿ ಮೂಡಿತು. ಅರವತ್ತು ವರ್ಷದ ಸೂಜಿ ಕೆಲಸ ಗೆರೆಗಳನ್ನೆಲ್ಲ ಸವೆಸಿತ್ತು. ಇದನ್ನು ಕಂಡು ತಿಬುರ್ಸಿಯೋ ನಕ್ಕ. ನಕ್ಕದ್ದೇ ತಪ್ಪಾಯಿತು; ಎವರಿಸ್ತೋ ಅವನ ಚೀಟಿಗೂ ಕೈ ಚಾಚಿದ.

“ಈ ಫೋಟೋದಲ್ಲಿರೋರ ಕಿವಿ ಚಿಕ್ಕದು.”

“ಮುದುಕರಾದಂಗೆ ಕಿವಿ ಬೆಳೀತಾ ಹೋಗುತ್ತೆ ಮಾರಾಯ.”

“ಹಾಗಾದ್ರೆ ಚೆನ್ನಾಗಿ ಕೇಳಿಸುತ್ತಾ?”

“ಏನಂದೆ?”

ಕಿವಿಯ ವಿಸ್ತೀರ್ಣ ಹೆಚ್ಚಿದ್ದರೂ ಉತ್ಪಾದನೆ ಕುಸಿದಿರುವುದು ಸಂಶಯಾಸ್ಪದ ಎಂದು ಎವರಿಸ್ತೋ ಕಡತದಲ್ಲಿ ಬರೆದುಕೊಂಡ. ಆಮೇಲೆ, ಕಾಣೆಯಾದ ಎತ್ತರದ ಬಗ್ಗೆ ದೂರು ಕೊಟ್ಟು ಬನ್ನಿ ಎಂದು ಇಬ್ಬರನ್ನೂ ಠಾಣೆಗೆ ಕಳಿಸಿದ.

“ಆ ಆರು ಸೆಂಟಿಮೀಟರನ್ನ ಕೊನೇ ಸಲ ಎಲ್ಲಿ ನೋಡಿದ್ರಿ?” ಪೊಲೀಸಿನವನು ಗಂಭೀರವಾಗಿ ಕೇಳಿದ.

“ಅಡುಗೆಮನೇಲಿ. ಆಗ ಮೇಲಿನ ಕಪಾಟು ಕೈಗೆ ಎಟುಕ್ತಿತ್ತು.”

ಪೊಲೀಸರು ಅಡುಗೆಮನೆಯನ್ನು ಶೋಧಿಸಿದರು. ಮೇಲಿನ ಕಪಾಟಿನಲ್ಲಿ ಅವಳೇ ಮರೆತಿದ್ದ ಒಂದು ಬಾಟಲಿ ರಮ್ ಸಿಕ್ಕಿತು. ಹೆಚ್ಚಿನ ತನಿಖೆಗಾಗಿ ಒಯ್ದರು. ಎತ್ತರ ಸಿಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಕಚೇರಿಯ ಹೊರಗಿನ ಬೆಂಚಿನ ಮೇಲೆ ಎದೆಲ್ಮಿರಾ ಕಣ್ಣೊರೆಸಿಕೊಂಡಳು. “ಬಿಟ್ಟುಬಿಡೋಣ ಕಣೋ. ಇವರು ಒಪ್ಪೋ ಹೊತ್ತಿಗೆ ನಾನು ಪೂರ್ತಿ ಕರಗಿರ್ತೀನಿ.”

“ಎಷ್ಟು ಬೇಕಾದ್ರೂ ಕರಗು,” ಅಂದ ತಿಬುರ್ಸಿಯೋ. “ಹೇಗೂ ಹುಡುಕ್ಕೋತೀನಿ. ಕಣ್ಣಿನ ಪೊರೆ ತೆಗೆಸಿರೋದು ಇನ್ಯಾತಕ್ಕೆ?”

ಅವಳು ಮೂಗು ಒರೆಸಿಕೊಂಡು ಅವನ ದೊಡ್ಡ ಕಿವಿಯನ್ನು ಮೆಲ್ಲಗೆ ಹಿಂಡಿದಳು. ಅಷ್ಟರಲ್ಲಿ ಎವರಿಸ್ತೋ ಹೊರಗೆ ಬಂದು ನೋಟರಿಯವರ ಆದೇಶ ಓದಿದ:

“ದಾಖಲೆಯಲ್ಲಿರುವ ಎತ್ತರದ ವಧು ಹಾಗೂ ಸಣ್ಣ ಕಿವಿಯ ವರ ಪತ್ತೆಯಾಗಿರುವುದಿಲ್ಲ. ಆದರೆ ಗೈರುಹಾಜರಾದವರು ಪ್ರತಿನಿಧಿಗಳ ಮೂಲಕ ಮದುವೆಯಾಗಲು ಕಾನೂನಿನಲ್ಲಿ ಅವಕಾಶವಿದೆ. ಅವರನ್ನು ಹತ್ತಿರದಿಂದ ಬಲ್ಲವರು ಹಾಜರಿರುವುದರಿಂದ, ಅಂಥವರು ಸಹಿ ಮಾಡತಕ್ಕದ್ದು.”

“ಅಂದ್ರೆ ನನ್ನ ಪರವಾಗಿ ನಾನೇ?” ಎದೆಲ್ಮಿರಾ ಕೇಳಿದಳು.

“ನಿಮಗಿಂತ ಹತ್ತಿರದೋರು ಯಾರಿದ್ದಾರೆ, ದೋನ್ಯಾ?”

ಶನಿವಾರ ಇಬ್ಬರು ಪ್ರತಿನಿಧಿಗಳು, ಗೈರುಹಾಜರಾದ ಆ ತರುಣ ಜೋಡಿಯ ಪರವಾಗಿ, ಸಹಿ ಮಾಡಿದರು. ಊರೆಲ್ಲ ಚಪ್ಪಾಳೆ ತಟ್ಟಿ ಸಾಂಕೋಚೋ ಉಂಡಿತು. ಪೊಲೀಸರು ತನಿಖೆ ಮುಗಿದ ಬಾಟಲಿಯನ್ನು ಖಾಲಿಯಾಗಿಯೇ ಹಿಂದಿರುಗಿಸಿದರು. ಮರುವಾರವೇ ಅರವತ್ತು ದಾಟಿದವರೆಲ್ಲ ತಮಗೆ ತಾವೇ ಪ್ರತಿನಿಧಿಗಳಾಗಿ ನೋಂದಾಯಿಸಿಕೊಳ್ಳಲು ಸಾಲುಗಟ್ಟಿದರು. ಯಾರೂ ಗೊಣಗಲಿಲ್ಲ, ಕೂರಲು ಕುರ್ಚಿ ಇತ್ತು.

ಈಗಲೂ ಎವರಿಸ್ತೋ ಅವರ ಬೀದಿಯಲ್ಲಿ ಹೋಗುವಾಗ ಮನೆ ಬಾಗಿಲ ಬಳಿ ನಿಂತು ವಿಚಾರಿಸುತ್ತಾನೆ. “ಮದುಮಕ್ಕಳ ಸುದ್ದಿ ಏನಾದ್ರೂ ಬಂತಾ?”

“ಇನ್ನೂ ಇಲ್ಲ,” ಎನ್ನುತ್ತಾಳೆ ಎದೆಲ್ಮಿರಾ. “ಬರೋವರೆಗೂ ನಾವೇ ಮನೆ ನೋಡ್ಕೋತಾ ಇದ್ದೀವಿ.”

ಅವನು ಹೋದ ಮೇಲೆ ತಿಬುರ್ಸಿಯೋ ಕಾಫಿ ಲೋಟ ಕೆಳಗಿಡುತ್ತಾನೆ. “ಅಕಸ್ಮಾತ್ ಅವರು ಬಂದೇಬಿಟ್ರೆ?”

“ಬೇಡಪ್ಪಾ,” ಅನ್ನುತ್ತಾಳೆ ಅವಳು. “ಹರೆಯದೋರು. ರಾತ್ರಿಯೆಲ್ಲ ಕುಣೀತಾರೆ, ನಮಗೆ ನಿದ್ದೆ ಬರಬೇಕಲ್ಲ.”